ಮಾಳಿಗೆಯ ಮೇಲೆ ಒಗೆದ ಹಲ್ಲು

ನಮ್ಮ ಸಾವಳಗಿಯ ಕಡೆ ಹಲ್ಲಿನ ಪರೀಕ್ಷೆಗೆ ಡಾಕ್ಟರರೇ ಬೇಕೆಂದಿಲ್ಲ, ಒಂದು ಖಡಕ್ ರೊಟ್ಟಿ ಸಾಕು. ಜಾತ್ರೆಗೆ ಬಂದ ಬೀಗರ ಮುಂದೆ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ ಇಟ್ಟು ನೋಡಿ. ಕರಕರ ಕಡಿಯುವವರದು ಒಂದು ಪಂಗಡ, ಮುರಿದು ಬ್ಯಾಳಿಯಲ್ಲಿ ನೆನೆಹಾಕುವವರದು ಇನ್ನೊಂದು. ನಾನು ಎರಡಕ್ಕೂ ಪೂರ್ತಿ ಸೇರಿದವಳಲ್ಲ. ಕಡಿಯುತ್ತೇನೆ, ಆದರೆ ಬಲಗಡೆಯಿಂದ ಮಾತ್ರ. ಎಡಗಡೆಯ ದವಡೆಗೆ ಹನ್ನೊಂದನೆಯ ವಯಸ್ಸಿನಿಂದ ರಜೆ ಕೊಟ್ಟಿದ್ದೇನೆ. ಆ ರಜೆಯ ಕಥೆ ಹೇಳಬೇಕು.

ನಾನು ಎರಡನೆಯ ಇಯತ್ತೆಯಲ್ಲಿದ್ದಾಗ ಎಡಗಡೆ ಕೆಳಗಿನ ದವಡೆ ಹಲ್ಲಿನ ಮೇಲೆ ಎಳ್ಳುಕಾಳಿನಷ್ಟು ಕಪ್ಪು ಚುಕ್ಕೆ ಕಾಣಿಸಿತು. ಹೊಳೆಸಾಲಿನ ಸೋದರಮಾವನ ಹೊಲದಲ್ಲಿ ಕಬ್ಬು, ಗಾಣದ ಮನೆಯಲ್ಲಿ ಬಿಸಿ ಬೆಲ್ಲ, ಅಂಗಿಯ ಕಿಸೆಯಲ್ಲಿ ಸದಾ ಪೆಪ್ಪರಮಿಂಟು. ಅವ್ವ ಬಾಯಿ ತೆಗೆಸಿ ನೋಡಿ, "ಹಾಲಹಲ್ಲ ಐತಿ ಬಿಡು, ಬಿದ್ದು ಹೊಸಾದು ಬರತೈತಿ" ಅಂದಳು. ಅವ್ವನ ಮಾತೆಂದರೆ ಪಂಚಾಂಗ. ಮನೆಯವರೆಲ್ಲ ಆ ಚುಕ್ಕೆಯನ್ನು ಮರೆತೆವು.

ಚುಕ್ಕೆ ಕುಳಿಯಾಯಿತು. ಕುಳಿಯಲ್ಲಿ ಅವ್ವ ಲವಂಗ ಒತ್ತಿದಳು, ಅಜ್ಜಿ ಚಿಟಿಕೆ ತಂಬಾಕು ಇಟ್ಟಳು. ಒಮ್ಮೆ ಊರಿಗೆ ಬಂದ ಹೆಣ್ಣುಮಗಳೊಬ್ಬಳು ಕೆಂಡದ ಮೇಲೆ ಬೀಜ ಹಾಕಿ ಕೊಳವೆಯಿಂದ ಹೊಗೆ ಹಿಡಿಸಿ, ತಾಟಿನ ನೀರಿನಲ್ಲಿ ಬಿಳಿ ಎಳೆಗಳನ್ನು ತೋರಿಸಿ, "ನೋಡವಾ, ಇಷ್ಟು ಹುಳ" ಎಂದು ಒಂದು ಸೇರು ಜೋಳ ಒಯ್ದಳು. ಹಲ್ಲಿನಲ್ಲಿ ಹುಳವೇ ಇರುವುದಿಲ್ಲ ಎಂದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ. ಬಾಯಿಯಲ್ಲಿರುವ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ನಾವು ತಿಂದ ಸಿಹಿಯನ್ನು ಹುಳಿಮಾಡಿ, ಆ ಹುಳಿಯಿಂದ ಹಲ್ಲಿನ ಹೊರಗವಚವನ್ನು ಕರಗಿಸುತ್ತವೆ. ಆ ಗವಚಕ್ಕೆ ನೋವು ತಿಳಿಯುವುದಿಲ್ಲ, ಕುಳಿ ಬಿದ್ದರೆ ಅದು ಮತ್ತೆ ಬೆಳೆಯುವುದೂ ಇಲ್ಲ. ಹುಳುಕು ಒಳಗಿನ ನರದ ಹತ್ತಿರ ಹೋದ ಮೇಲೆ ನೋವು ಶುರು. ನೋವು ಬರುವ ಹೊತ್ತಿಗೆ ಕಳ್ಳ ಅಡಿಗೆಮನೆ ದಾಟಿ ದೇವರಮನೆಗೆ ಹೊಕ್ಕಿರುತ್ತಾನೆ.

1981ರಲ್ಲಿ ಗಲ್ಲ ಬಾತು ಕಣ್ಣು ಮುಚ್ಚಿದಾಗ ಅಪ್ಪ ನನ್ನನ್ನು ಜಮಖಂಡಿಗೆ ಕರೆದುಕೊಂಡು ಹೋದ. ಅಲ್ಲಿ ಹಲ್ಲು ಕಿತ್ತರು. ಕಾಗದದಲ್ಲಿ ಸುತ್ತಿ ಕೊಟ್ಟ ಆ ಎರಡು ಬೇರಿನ ಹಲ್ಲನ್ನು ನಾನು ಜೋಪಾನವಾಗಿ ತಂದು, ರೂಢಿಯಂತೆ ಸಗಣಿಯಲ್ಲಿಟ್ಟು ಮಾಳಿಗೆಯ ಮೇಲೆ ಒಗೆದೆ. ಹೊಸ ಹಲ್ಲು ಬರಲೆಂದು ದಿನಾ ನಾಲಿಗೆಯಿಂದ ಆ ಜಾಗ ಮುಟ್ಟಿ ನೋಡುತ್ತಿದ್ದೆ. ಒಂದು ವರ್ಷ ಕಾದೆ, ಎರಡು ವರ್ಷ ಕಾದೆ. ಬರಲಿಲ್ಲ. ಬರುವಂಥದ್ದೂ ಆಗಿರಲಿಲ್ಲ.

ಯಾಕೆಂದರೆ ಅದು ಹಾಲಹಲ್ಲೇ ಅಲ್ಲ. ಹಾಲಹಲ್ಲುಗಳು ಇಪ್ಪತ್ತೇ. ಮಗುವಿಗೆ ಸುಮಾರು ಆರು ವರ್ಷವಾದಾಗ ಅವುಗಳ ಹಿಂದೆ, ಯಾವ ಹಲ್ಲೂ ಬೀಳದೆ, ಸದ್ದಿಲ್ಲದೆ ಒಂದು ಹೊಸ ದವಡೆ ಹಲ್ಲು ಏಳುತ್ತದೆ. ಮೇಲೆ ಎರಡು, ಕೆಳಗೆ ಎರಡು, ಒಟ್ಟು ನಾಲ್ಕು. ಜೀವನಪೂರ್ತಿ ಅಗಿಯಬೇಕಾದ ಹಲ್ಲು ಅದು. ಯಾವುದೂ ಬಿದ್ದು ಬಂದದ್ದಲ್ಲವಾದ್ದರಿಂದ ತಾಯಂದಿರು ಅದನ್ನೂ ಹಾಲಹಲ್ಲಿನ ಲೆಕ್ಕಕ್ಕೇ ಸೇರಿಸುತ್ತಾರೆ. ಗುರುತು ಸುಲಭ: ಮುಂದಿನ ಹಲ್ಲಿನ ಮಧ್ಯದಿಂದ ಒಂದು ಬದಿಗೆ ಎಣಿಸುತ್ತ ಹೋಗಿ, ಆರನೆಯ ವರ್ಷಕ್ಕೆ ಬರುವ ಹಲ್ಲು ಆರನೆಯದು. ಇಷ್ಟು ಸಣ್ಣ ಲೆಕ್ಕ ಅವ್ವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮಗ್ಗಿ ಕಲಿಸುವ ನನಗೂ ಬಿ.ಇಡಿ. ಮುಗಿಯುವತನಕ ಗೊತ್ತಿರಲಿಲ್ಲ.

ಅವ್ವನ ಹಲ್ಲಿನದು ಇನ್ನೊಂದು ಕಥೆ. ಮುಂಜಾನೆ ಎದ್ದ ಕೂಡಲೆ ಅವಳು ಮಿಶ್ರಿ ತಿಕ್ಕುವವಳು. ತಂಬಾಕನ್ನು ಹಂಚಿನ ಮೇಲೆ ಕರ್ರಗೆ ಹುರಿದು ಮಾಡಿದ ಪುಡಿ ಅದು. ತಿಕ್ಕದಿದ್ದರೆ ಅವಳಿಗೆ ಒಲೆ ಹಚ್ಚುವ ಕಸುವೇ ಇರುತ್ತಿರಲಿಲ್ಲ. ವಸಡು ಸವೆದು, ಕಿಟ್ಟ ಕಟ್ಟಿ, ಹಲ್ಲುಗಳು ಒಂದೊಂದಾಗಿ ಅಲುಗಾಡಿದವು. ತಂಬಾಕಿನಿಂದ ಬಾಯಿಯ ಕ್ಯಾನ್ಸರೇ ಬರಬಹುದು. ಅದೊಂದು ಬರಲಿಲ್ಲ ಎಂಬುದೇ ನಮ್ಮ ಪುಣ್ಯ. "ಹಲ್ಲ ಕ್ಲೀನ ಮಾಡಿಸಿದರ ಸಡ್ಲ ಆಗತಾವು" ಎಂದು ಅವಳು ಡಾಕ್ಟರರ ಹತ್ತಿರ ಹೋಗಲಿಲ್ಲ. ವಾಸ್ತವವಾಗಿ ವಸಡನ್ನು ಕೆಡಿಸುವುದು ಆ ಕಿಟ್ಟವೇ. ಐವತ್ತೈದಕ್ಕೆಲ್ಲ ಬಾಯಿ ಬೋಳಾಯಿತು. ಆಮೇಲೆ ನಗುವಾಗ ಸೆರಗು ಬಾಯಿಗೆ ಅಡ್ಡ ಹಿಡಿಯತೊಡಗಿದಳು. ನಾವು ಅದನ್ನು ವಯಸ್ಸಿನ ಗಾಂಭೀರ್ಯ ಎಂದುಕೊಂಡೆವು. ಮಕ್ಕಳಾಗಿ ಇದಕ್ಕಿಂತ ದೊಡ್ಡ ಕುರುಡುತನ ಇನ್ನೇನಿದೆ?

2005ರಲ್ಲಿ ಅವಳನ್ನು ಬಾಗಲಕೋಟೆಯ ಪಿ.ಎಂ. ನಾಡಗೌಡ ಸ್ಮಾರಕ ದಂತ ಮಹಾವಿದ್ಯಾಲಯಕ್ಕೆ ಕರೆದೊಯ್ದೆ. ಕಲಿಯುತ್ತಿದ್ದ ಹುಡುಗಿಯೊಬ್ಬಳು ತನ್ನ ಗುರುಗಳ ಕಣ್ಣೆದುರೇ ನಾಲ್ಕಾರು ಸಲ ಅಳತೆ ತೆಗೆದು ಹಲ್ಲಿನ ಸೆಟ್ ಮಾಡಿಕೊಟ್ಟಳು. ಸ್ವಂತ ಹಲ್ಲಿನ ಕಸುವು ಅದಕ್ಕೆ ಬರುವುದಿಲ್ಲ. ದವಡೆಯ ಎಲುಬು ಸವೆದಂತೆ ಸಡಿಲವೂ ಆಗುತ್ತದೆ. ಆದರೂ ಬಸ್ಸಿನಲ್ಲಿ ಬರುವಾಗ ಕಿಟಕಿಯ ಗಾಜಿನಲ್ಲಿ ಅವ್ವ ತನ್ನ ಮುಖ ನೋಡಿಕೊಂಡು, ಸೆರಗಿಲ್ಲದೆ, ಒಬ್ಬಳೇ ನಕ್ಕದ್ದನ್ನು ನಾನು ನೋಡದವಳಂತೆ ಕುಳಿತು ನೋಡಿದೆ.

ಇಷ್ಟು ಕಂಡೂ ನನಗೆ ಬುದ್ಧಿ ಬಂದಿತೆ? ಎಡಗಡೆಯ ಕೆಲಸವನ್ನೂ ಹೊತ್ತ ಬಲಗಡೆಯ ಹಲ್ಲು 2011ರಲ್ಲಿ ತಣ್ಣೀರಿಗೆ ಜುಮ್ಮೆಂದಿತು. ಮಗಳ ಪರೀಕ್ಷೆ ಮುಗಿಯಲಿ, ದೀಪಾವಳಿ ಆಗಲಿ, ಜನಗಣತಿ ಕೆಲಸ ತೀರಲಿ ಎಂದು ಮುಂದೂಡಿದೆ. ಮನೆಯಲ್ಲಿ ಎಲ್ಲರ ಔಷಧಕ್ಕೂ ದುಡ್ಡಿರುತ್ತದೆ, ತಾಯಿಯ ಹಲ್ಲಿಗೆ ಮಾತ್ರ ಮುಂದಿನ ಪಗಾರ. ನೀವೂ ಹೀಗೆಯೇ ಅಲ್ಲವೆ? ಮರುವರ್ಷ ರಾತ್ರಿಯೆಲ್ಲ ಕುಳಿತೇ ಇರುವ ಹಾಗಾದಾಗ ನಮ್ಮ ಯಜಮಾನರು, "ಕಿತ್ತಿಸಿ ಒಗಿ, ಹಿಂದಿನ ಹಲ್ಲು ಯಾರು ನೋಡತಾರ?" ಎಂದರು. ಆಗ ನನಗೆ ಮಾಳಿಗೆ ನೆನಪಾಯಿತು. "ಯಾರೂ ನೋಡೂದ ಬ್ಯಾಡರಿ, ನನಗ ರೊಟ್ಟಿ ಕಡೀಬೇಕು" ಅಂದೆ.

ರೂಟ್ ಕೆನಾಲ್ ಎಂಬ ಹೆಸರು ಕೇಳಿದರೇ ಹೆದರುವವರಿದ್ದಾರೆ, ಅದಕ್ಕೆ ಹೇಳುತ್ತೇನೆ. ಮೊದಲು ಸೂಜಿಯಿಂದ ಆ ಜಾಗ ಮರಗಟ್ಟಿಸುತ್ತಾರೆ. ಹಲ್ಲಿನ ನೆತ್ತಿಯಲ್ಲಿ ರಂಧ್ರ ಕೊರೆದು, ಕೆಟ್ಟ ನರವನ್ನು ತೆಗೆದು, ಬೇರಿನ ಸಪೂರ ನಾಳಗಳನ್ನು ಸಣ್ಣ ಅರಗಳಿಂದ ಸ್ವಚ್ಛ ಮಾಡಿ, ರಬ್ಬರಿನಂಥ ವಸ್ತು ತುಂಬಿ ಮುಚ್ಚುತ್ತಾರೆ. ಮೇಲೆ ಕ್ಯಾಪ್ ಹಾಕುತ್ತಾರೆ, ಇಲ್ಲವಾದರೆ ಬಡಕಲಾದ ಹಲ್ಲು ಒಡೆದೀತು. ನೋವು ಇದ್ದದ್ದು ಚಿಕಿತ್ಸೆಯ ಹಿಂದಿನ ರಾತ್ರಿಗಳಲ್ಲಿ, ಚಿಕಿತ್ಸೆಯಲ್ಲಲ್ಲ. ಮೂರು ಸಲ ಜಮಖಂಡಿಗೆ ಹೋಗಿ ಬಂದೆ. ಒಂದು ಒಳ್ಳೆಯ ಇಳಕಲ್ ಸೀರೆಯ ಹಣ ಹೋಯಿತು. ಜುಮ್ಮೆಂದ ದಿನವೇ ಹೋಗಿದ್ದರೆ ಬಹುಶಃ ಒಂದೇ ಸಲದ ಸಿಮೆಂಟಿನಲ್ಲಿ ಮುಗಿಯುತ್ತಿತ್ತು.

ಹೋದ ವರ್ಷ ನನ್ನ ಮೂರನೆಯ ತರಗತಿಯ ಹುಡುಗಿಯೊಬ್ಬಳು ಗಲ್ಲ ಹಿಡಿದುಕೊಂಡು ಕೂತಿದ್ದಳು. ಬಾಯಿ ತೆಗೆಸಿ, ಮಧ್ಯದಿಂದ ಎಣಿಸಿದೆ. ಆರನೆಯದು. ಚುಕ್ಕೆ ಕುಳಿಯಾಗುತ್ತಿತ್ತು. ಸಂಜೆ ಅವಳ ಮನೆಗೆ ಹೋದೆ. ಹೊಲದಿಂದ ಆಗಷ್ಟೇ ಬಂದ ಅವಳ ತಾಯಿ, "ಹಾಲಹಲ್ಲ ಅಲ್ರಿ ಅಕ್ಕೋರ, ಬೀಳತೈತಿ" ಅಂದಳು. ನನ್ನ ಅವ್ವನೇ ಬಾಗಿಲಲ್ಲಿ ನಿಂತು ಮಾತಾಡಿದಂತಾಯಿತು. ನಾನು ಕಟ್ಟೆಯ ಮೇಲೆ ಕುಳಿತು, ಎಡಗಡೆಯ ತುಟಿ ಎಳೆದು ನನ್ನ ಖಾಲಿ ಜಾಗ ತೋರಿಸಿದೆ. ಪಕ್ಕದ ಹಲ್ಲು ಅತ್ತ ವಾಲಿದ್ದನ್ನೂ, ಮೇಲಿನದು ಕೆಳಗಿಳಿದದ್ದನ್ನೂ ತೋರಿಸಿದೆ. ಆ ಹೆಣ್ಣುಮಗಳು ಬಹಳ ಹೊತ್ತು ನೋಡಿದಳು. ಒಂದು ದಿನದ ಕೂಲಿ ಬಿಟ್ಟು ಹೋಗುವುದು ಅವಳಿಗೆ ಸಣ್ಣ ಮಾತಲ್ಲ. ಆದರೂ ಮುಂದಿನ ಸೋಮವಾರ ಮಗಳನ್ನು ಕರೆದುಕೊಂಡು ಬಸ್ಸು ಹತ್ತಿದಳು.

ಮರುದಿನ ಪ್ರಾರ್ಥನೆಗೂ ಮೊದಲೇ ಆ ಹುಡುಗಿ ಓಡಿ ಬಂದು ನನ್ನೆದುರು ಬಾಯಿ ಅಗಲಿಸಿ ನಿಂತಳು. ಆರನೆಯ ಹಲ್ಲಿನ ಮೇಲೆ ಜೋಳದ ಕಾಳಿನಷ್ಟು ಬಿಳಿ ಸಿಮೆಂಟು. ರಾತ್ರಿ ಮಲಗುವಾಗಲೂ ಫ್ಲೋರೈಡ್ ಪೇಸ್ಟಿನಿಂದ ಹಲ್ಲು ತಿಕ್ಕಬೇಕೆಂದು ಡಾಕ್ಟರರು ಹೇಳಿದ್ದನ್ನು ಪದ್ಯದಂತೆ ಒಪ್ಪಿಸಿ, ಕಡೆಗೆ ಗುಟ್ಟು ಹೇಳುವವಳ ಹಾಗೆ ಅಂದಳು:

"ಅಕ್ಕೋರ, ಇದನ್ನ ಮಾಳಿಗಿ ಮ್ಯಾಲ ಒಗಿಯೂದು ಇಲ್ಲಂತ್ರಿ. ಇದು ನಂದಽ ಅಂತ."