ಮದುವೆಯ ಮಾರನೆಯ ದಿನದಿಂದ

ಕಥೆ ಮದುವೆಯಲ್ಲಿ ಮುಗಿಯುತ್ತದೆ ಎಂದು ಮಾನಸಗಂಗೋತ್ರಿಯ ಜಾನಪದ ತರಗತಿಯಲ್ಲಿ ನಮಗೆ ಪಾಠವಾಯಿತು. ರಷ್ಯಾದ ವ್ಲಾದಿಮಿರ್ ಪ್ರಾಪ್ 1928ರಲ್ಲಿ ಪ್ರಕಟಿಸಿದ ಪುಸ್ತಕದ ಪಾಠ ಅದು. ಅಫನಾಸ್ಯೇವ್ ಸಂಗ್ರಹದ ನೂರು ಅದ್ಭುತ ಕಥೆಗಳನ್ನು ಬಿಡಿಸಿ ನೋಡಿದ ಪ್ರಾಪ್, ಪಾತ್ರಗಳು ಎಷ್ಟೇ ಬದಲಾದರೂ ಅವು ಮಾಡುವ ಕ್ರಿಯೆಗಳು 31ನ್ನು ಮೀರುವುದಿಲ್ಲ, ಬರುವುದೂ ಒಂದೇ ಸರದಿಯಲ್ಲಿ ಎಂದು ತೋರಿಸಿದ. ಮನೆಯವರಲ್ಲಿ ಯಾರೋ ಊರು ಬಿಡುವುದು ಮೊದಲನೆಯದು. ನಾಯಕನಿಗೆ ಮದುವೆಯಾಗಿ ಪಟ್ಟ ಸಿಗುವುದು ಕಡೆಯದು. ಆ ಪಟ್ಟಿಯನ್ನು ನೋಟ್ಸಿಗೆ ಇಳಿಸುತ್ತಿದ್ದಾಗಲೇ ನನ್ನೊಳಗೆ ತಕರಾರು ಎದ್ದಿತ್ತು. ನಮ್ಮೂರು ಕಿರುಗಾವಲಿನಲ್ಲಿ ನಾನು ಕೇಳಿದ ಕಥೆಗಳಲ್ಲಿ ಮದುವೆ ಬೇಗನೆ ಆಗಿಹೋಗುತ್ತಿತ್ತು. ಕೇಳುವವರು ಉಸಿರು ಬಿಗಿಹಿಡಿಯುತ್ತಿದ್ದುದೆಲ್ಲ ಅದರ ಆಚೆಗೆ.

ಆ ಕಥೆಗಳು ನನ್ನ ಕಿವಿಗೆ ಬಿದ್ದದ್ದು ಹುಳದ ಮನೆಯಲ್ಲಿ. ನಮ್ಮ ಮಳವಳ್ಳಿ ಸೀಮೆಯಲ್ಲಿ ಭತ್ತದ ಗದ್ದೆ ಇದ್ದವರೂ ಒಂದಿಷ್ಟು ಹಿಪ್ಪುನೇರಳೆ ಹಾಕಿಕೊಂಡು ರೇಷ್ಮೆ ಹುಳ ಸಾಕುತ್ತಿದ್ದರು. ನಾಲ್ಕನೇ ಸಲ ಪೊರೆ ಕಳಚಿ, ಅಂದರೆ ನಾಲ್ಕನೇ ಜ್ವರ ಎದ್ದ ಹುಳದ ಹಸಿವು ಸಾಮಾನ್ಯದ್ದಲ್ಲ. ಹುಟ್ಟಿದಂದಿನಿಂದ ಗೂಡು ಕಟ್ಟುವ ತನಕ ಅದು ತಿನ್ನುವ ಸೊಪ್ಪಿನ ಬಹುಪಾಲು ಆ ಕಡೆಯ ವಾರದಲ್ಲೇ ಖರ್ಚಾಗುತ್ತದೆ. ನಡುರಾತ್ರಿಯಲ್ಲೂ ಎದ್ದು ಸೊಪ್ಪು ಹಾಕಬೇಕು, ಹಣ್ಣಾದ ಹುಳ ಆಯ್ದು ಚಂದ್ರಿಕೆಗೆ ಬಿಡಬೇಕು. ಮನೆಮಂದಿ ಸಾಲದೆ ಬೀದಿಯ ಹೆಂಗಸರು ಮುಯ್ಯಾಳಾಗಿ ಬರುತ್ತಿದ್ದರು. ತೂಕಡಿಕೆ ಬರುವ ಹೊತ್ತಿಗೆ ಯಾರಾದರೊಬ್ಬರು “ದೊಡ್ಡವ್ವ, ಒಂದು ಕತೆ ತಗಿ” ಅನ್ನುತ್ತಿದ್ದರು. ದೊಡ್ಡವ್ವ ನಮಗೆ ನೆಂಟಳಲ್ಲ, ಇಡೀ ಬೀದಿಗೆ ದೊಡ್ಡವ್ವ. “ಹೂಂಗುಟ್ಟುದ್ರೆ ಯೋಳ್ತೀನಿ ಕಣ್ರವ್ವ, ನಿದ್ದೆಗಿದ್ದೆ ಮಾಡುದ್ರೆ ಇಲ್ಲ” ಎಂದು ಕರಾರು ಹಾಕಿಯೇ ಶುರುಮಾಡುತ್ತಿದ್ದಳು. ಮಕ್ಕಳು ನಾವು ಸೊಪ್ಪಿನ ರಾಶಿಗೆ ಒರಗಿ ಕೇಳುತ್ತಿದ್ದೆವು. ಅವಳು ನಮ್ಮ ಕಡೆ ತಿರುಗಿ ಹೇಳಿದ್ದು ನನಗೆ ನೆನಪಿಲ್ಲ. ಹೂಂಗುಟ್ಟುತ್ತಿದ್ದವರು ಸೊಸೆಯಂದಿರು, ಅತ್ತೆಯಾದವರು, ಗಂಡನ ಮನೆ ಬಿಟ್ಟು ಬಂದು ತವರಿನಲ್ಲಿ ಇದ್ದವರು. ಕಥೆ ಅವರಿಗಾಗಿತ್ತು. ಅಜ್ಜಿಕಥೆ ಎಂದರೆ ಮಕ್ಕಳ ಕಥೆ ಎಂಬ ಮಾತನ್ನು ಪುಸ್ತಕದಲ್ಲಿ ಓದಿದಾಗಲೆಲ್ಲ ನನಗೆ ಆ ಹೂಂಗುಟ್ಟುವ ಗಂಟಲುಗಳೇ ನೆನಪಾಗುತ್ತವೆ.

ಹೂವಿನ ಗಿಡವಾಗುವ ಹುಡುಗಿಯ ಕಥೆ ಕನ್ನಡ ನಾಡಿನ ಉದ್ದಗಲಕ್ಕೂ ಇದೆ. ಬಡವಿಯೊಬ್ಬಳಿಗೆ ಇಬ್ಬರು ಹೆಣ್ಣುಮಕ್ಕಳು. ಅವ್ವನ ಕಷ್ಟ ನೋಡಲಾರದೆ ಕಿರಿಯವಳು ಅಕ್ಕನ ಕೈಲಿ ಎರಡು ಕೊಡ ನೀರು ತರಿಸುತ್ತಾಳೆ. ಉಗುರು ತಾಕಿರಬಾರದು. ಒಂದು ಕೊಡ ಹೊಯ್ದರೆ ಹುಡುಗಿ ಗಿಡವಾಗುತ್ತಾಳೆ. ಎಲೆ ಹರಿಯದ ಹಾಗೆ, ಚಿಗುರು ಮುರಿಯದ ಹಾಗೆ ಹೂ ಬಿಡಿಸಿಕೊಂಡು ಇನ್ನೊಂದು ಕೊಡ ಹೊಯ್ದರೆ ಮತ್ತೆ ಹುಡುಗಿ. ಹೂವು ಅರಮನೆ ಸೇರುತ್ತದೆ, ರಾಜಕುಮಾರ ಗುಟ್ಟು ಕಂಡುಹಿಡಿದು ಮದುವೆಯಾಗುತ್ತಾನೆ. ಆಮೇಲೆ ದಿನಾ ರಾತ್ರಿ ಅವಳು ಅವನಿಗಾಗಿ ಗಿಡವಾಗಬೇಕು. ಬೆಳಗಾದರೆ ಅಂತಃಪುರದ ಹೊರಗೆ ಬಾಡಿದ ಹೂವಿನ ಗುಡ್ಡೆ. ಅದನ್ನು ಕಂಡ ನಾದಿನಿ ಅವಳನ್ನು ತೋಪಿಗೆ ಕರೆದೊಯ್ದು, ಗೆಳತಿಯರ ಮುಂದೆ ಗಿಡವಾಗು ಎಂದು ಹಟ ಹಿಡಿಯುತ್ತಾಳೆ. ಹುಡುಗಿಯರು ರೆಂಬೆ ಮುರಿದು, ಎಲೆ ತರಿದು, ಎರಡನೆಯ ಕೊಡವನ್ನು ಹೇಗೆಂದರೆ ಹಾಗೆ ಸುರಿದು ಓಡಿಹೋಗುತ್ತಾರೆ. ಅಲ್ಲಿ ಉಳಿದದ್ದು ಕೈಕಾಲಿಲ್ಲದ ಒಂದು ಮೈ, ಇತ್ತ ಗಿಡವಲ್ಲ, ಅತ್ತ ಮನುಷ್ಯಳಲ್ಲ. ದೊಡ್ಡವ್ವ ಇಲ್ಲಿಗೆ ಬಂದಾಗ ಹೂಂಗುಟ್ಟುವವರ ದನಿ ಇಳಿಯುತ್ತಿತ್ತು.

ಇದನ್ನೇ ಇಟ್ಟುಕೊಂಡು ನಾನು ತರಗತಿಗೆ ಮೊದಲ ಪ್ರಬಂಧ ಬರೆದೆ. ಪ್ರಾಪ್‌ನ 31ನೇ ಕ್ರಿಯೆ ಈ ಕಥೆಯಲ್ಲಿ ಆರಂಭದ ಘಟ್ಟದಲ್ಲೇ ಬಂದುಹೋಗುತ್ತದೆ, ಊರು ಬಿಟ್ಟು ಅಲೆಯುವ ನಾಯಕನ ಲೆಕ್ಕ ಇವಳಿಗೆ ಹೊಂದುವುದಿಲ್ಲ ಎಂಬುದು ನನ್ನ ವಾದ. ಓದಿದ ಮೇಷ್ಟರು, ಇದನ್ನು ನಿನಗಿಂತ ಮೊದಲು ಮೈಸೂರಿನವರೊಬ್ಬರು ಗಮನಿಸಿದ್ದಾರೆ, ನೋಡಮ್ಮ ಎಂದು ಎ.ಕೆ. ರಾಮಾನುಜನ್ ಅವರ ಲೇಖನಗಳ ದಾರಿ ತೋರಿಸಿದರು. ವಿದ್ಯಾರ್ಥಿಗೆ ಅದಕ್ಕಿಂತ ದೊಡ್ಡ ಸಂತೋಷ ಇನ್ನೊಂದಿಲ್ಲ.

1929ರಲ್ಲಿ ಮೈಸೂರಿನಲ್ಲಿ ಹುಟ್ಟಿ, ಬೆಳಗಾವಿಯ ಕಾಲೇಜಿನಲ್ಲಿ ಮೇಷ್ಟರಾಗಿದ್ದು, ಮುಂದೆ ಶಿಕಾಗೋ ವಿಶ್ವವಿದ್ಯಾಲಯ ಸೇರಿದ ರಾಮಾನುಜನ್ ಜೀವನವಿಡೀ ಕನ್ನಡದ ಕಥೆಗಳನ್ನು ಕೂಡಿಸುತ್ತಲೇ ಇದ್ದರು. ಅವರು 1993ರಲ್ಲಿ ತೀರಿಕೊಂಡ ಮೇಲೆ, 1997ರಲ್ಲಿ, ಆ ಕಥೆಗಳಲ್ಲಿ 77 ಒಂದು ಇಂಗ್ಲಿಷ್ ಪುಸ್ತಕವಾಗಿ ಬಂದವು. ಪುಸ್ತಕಕ್ಕೆ ಹೆಸರು ಕೊಟ್ಟಿದ್ದೇ ಗಿಡವಾಗುವ ಹುಡುಗಿಯ ಕಥೆ. ಗಿರೀಶ ಕಾರ್ನಾಡರ ‘ಚೆಲುವಿ’ ಚಿತ್ರಕ್ಕೂ, 2006ರಲ್ಲಿ ವಿಯೆನ್ನಾದಲ್ಲಿ ಮೊದಲು ಪ್ರದರ್ಶನ ಕಂಡ ಜಾನ್ ಆಡಮ್ಸ್ ಅವರ ಆಪೆರಾಕ್ಕೂ ಇದೇ ಮೂಲ. ಗಂಡಸು ನಾಯಕನಾದ ಕಥೆಯಲ್ಲಿ ಮದುವೆ ಕೊನೆಯ ಬಹುಮಾನ, ಹೆಣ್ಣು ನಾಯಕಿಯಾದ ಕಥೆಯಲ್ಲಿ ಸಂಕಟ ಶುರುವಾಗುವುದೇ ಮದುವೆಯಿಂದ ಎಂಬುದು ರಾಮಾನುಜನ್ ಕಂಡ ಸತ್ಯ. ಗಿಡವಾಗಿ ನಿಂತಾಗಲೇ ಈ ಹುಡುಗಿ ಎಲ್ಲಕ್ಕಿಂತ ಚೆಲುವೆ, ಎಲ್ಲಕ್ಕಿಂತ ಅಸಹಾಯಕಳು. ಆಗ ಅವಳು ಓಡಲಾರಳು, ಕೂಗಲಾರಳು. ಹೂ ಬಿಡಿಸುವವರ ಕೈ ಒಳ್ಳೆಯದಿದ್ದರೆ ಉಳಿದಳು, ಇಲ್ಲದಿದ್ದರೆ ಇಲ್ಲ. ಮೊದಲ ಸಲ ಅವಳು ಗಿಡವಾದದ್ದು ತಾನೇ ಮನಸ್ಸು ಮಾಡಿ, ಅವ್ವನಿಗಾಗಿ. ಗಂಡ, ನಾದಿನಿ ಇವರೆಲ್ಲ ಕೇಳಿದ್ದು ತಮಗಾಗಿ. ಇದನ್ನು ಗಮನಿಸಿದ ಮೇಲೆ ನನಗೆ ಈ ಕಥೆಯ ಎರಡು ಕೊಡಗಳು ಬೇರೆಯಾಗಿಯೇ ಕಾಣಿಸಿದವು. ಮೊದಲ ಕೊಡ ಹೊಯ್ಯುವುದಕ್ಕೆ ಆಸೆ ಇದ್ದರೆ ಸಾಕು, ಎರಡನೆಯದಕ್ಕೆ ಜವಾಬ್ದಾರಿ ಬೇಕು. ಸೊಸೆಯನ್ನು ತಂದುಕೊಂಡ ಎಷ್ಟು ಮನೆಗಳಲ್ಲಿ ಎರಡನೆಯ ಕೊಡ ಹಾಗೇ ಉಳಿದುಹೋಗಿದೆ!

ಅದೇ ರಾಮಾನುಜನ್ 1982ರಲ್ಲಿ ಹಂಚಿಯ ಕಥೆಯ ಬಗ್ಗೆಯೂ ಬರೆದರು. ಹೊನ್ನಿನ ಕೂದಲಿನ ತಂಗಿಯ ಮೇಲೆ ಒಡಹುಟ್ಟಿದ ಅಣ್ಣನೇ ಕಣ್ಣು ಹಾಕಿದಾಗ ತಾಯಿ ಅವಳ ಮುಖಕ್ಕೆ ಮಣ್ಣಿನ ಹಂಚಿನ ಮುಖವಾಡ ಮಾಡಿಸಿ ಊರು ಬಿಡಿಸುತ್ತಾಳೆ. ಯುರೋಪಿನವರು ಸಿಂಡ್ರೆಲಾ ಎಂದು ಕರೆದ ಹುಡುಗಿಯ ಬಳಗದವಳು ಈಕೆ. ಆ ಬಳಗ ಬಲು ದೊಡ್ಡದು. ಚೀನಾದಲ್ಲಿ ಒಂಬತ್ತನೇ ಶತಮಾನಕ್ಕೇ ಅವಳ ಕಥೆ ಬರಹಕ್ಕಿಳಿದಿದೆ. ಫ್ರಾನ್ಸಿನ ಪೆರೊ ಬರೆದದ್ದು 1697ರಲ್ಲಿ. ಮೇರಿಯನ್ ಕಾಕ್ಸ್ ಎಂಬಾಕೆ 1893ರಲ್ಲೇ 345 ಪಾಠಗಳನ್ನು ಒಟ್ಟು ಹಾಕಿದ್ದಳು. ಫಿನ್ಲೆಂಡಿನ ಆಂಟಿ ಆರ್ನೆ 1910ರಲ್ಲಿ ಶುರುಮಾಡಿ ಅಮೆರಿಕದ ಸ್ಟಿತ್ ಥಾಂಪ್ಸನ್ ಬೆಳೆಸಿದ ವರ್ಗಸೂಚಿಯಲ್ಲಿ ಇವಳಿಗೆ 510 ಎಂಬ ಸಂಖ್ಯೆ. ಪರೀಕ್ಷೆಯಲ್ಲಿ ಆ ಸಂಖ್ಯೆ ಬರೆದರೆ ಅಂಕ ಸಿಗುತ್ತಿತ್ತು. ಸಂಖ್ಯೆ ಬೇಕು, ಅದಿಲ್ಲದಿದ್ದರೆ ಚೀನಾದವಳೂ ನಮ್ಮ ಹಂಚಿಯೂ ಅಕ್ಕತಂಗಿಯರೆಂದು ಯಾರಿಗೂ ಹೊಳೆಯುತ್ತಿರಲಿಲ್ಲ. ಆದರೆ ಸಂಖ್ಯೆಯಲ್ಲಿ ಕಥೆ ಹೇಳಿದವಳು ಕಾಣುವುದಿಲ್ಲ, ಅವಳು ಬದಲಾಯಿಸಿದ್ದೂ ಕಾಣುವುದಿಲ್ಲ.

ಗಿಡವಾಗುವ ಹುಡುಗಿಯ ಕಥೆಯನ್ನೇ ನೋಡಿ. ರಾಮಾನುಜನ್ ಪುಸ್ತಕದ ಪಾಠದಲ್ಲಿ ಕೊನೆಗೆ ರಾಜಕುಮಾರ ಹೆಂಡತಿಯನ್ನು ಕಂಡುಕೊಳ್ಳುತ್ತಾನೆ, ಒಂದು ಕೊಡ ನೀರು ಹೊಯ್ದು, ಗಿಡವಾದವಳ ಮುರಿದ ರೆಂಬೆಗಳನ್ನು ನೆಟ್ಟಗೆ ಮಾಡಿ ಕಟ್ಟು ಕಟ್ಟಿ, ಇನ್ನೊಂದು ಕೊಡ ಹೊಯ್ದು ಇಡಿಯಾಗಿ ಪಡೆಯುತ್ತಾನೆ. ರಾಜ ತನ್ನ ಮಗಳನ್ನು ಸುಡುವ ಸುಣ್ಣದ ಗುಂಡಿಗೆ ತಳ್ಳಿಸುತ್ತಾನೆ. ಓದಿ ನಾನು ಬೆಚ್ಚಿದೆ. ದೊಡ್ಡವ್ವನ ಕಥೆಯಲ್ಲಿ ಸುಣ್ಣದ ಗುಂಡಿಯೇ ಇರಲಿಲ್ಲ. ನಾದಿನಿಗೆ ಮದುವೆ ಮಾಡಿದರು, ಕೊಟ್ಟ ಮನೆಗೆ ಹೋದಳು, ಅವರು ಅಲ್ಲಿ, ನಾವು ಇಲ್ಲಿ. ಅಷ್ಟೇ. ರಜೆಗೆ ಊರಿಗೆ ಹೋದಾಗ ಅವಳನ್ನೇ ಕೇಳಿದೆ. “ನಾದುನಿಗೆ ಶಿಕ್ಷೆ ಬ್ಯಾಡ್ವಾ ದೊಡ್ಡವ್ವ?” ಅವಳು ಹಲ್ಲಿಗೆ ಸಿಕ್ಕಿದ್ದ ಎಲೆಯಡಿಕೆ ಸರಿಮಾಡಿಕೊಂಡು, “ಕೊಟ್ಟ ಮನೆಗೋದ್ಲು ಅಂದ್ನಲ್ಲ ಮಗ” ಅಂದಳು. ಜೊತೆಗಿದ್ದ ಹೆಂಗಸರು ನಕ್ಕರು. ಆ ನಗುವನ್ನು ಅಡಿಟಿಪ್ಪಣಿಯಲ್ಲಿ ಹೇಗೆ ಬರೆಯುವುದು? ನಾನು ಎರಡನೆಯ ಪ್ರಬಂಧವನ್ನು ಪೂರ್ತಿಯಾಗಿ ಆ ಒಂದು ಮಾತಿನ ಮೇಲೆ ಬರೆದೆ. ಮದುವೆಯಿಂದಲೇ ಸಂಕಟ ಶುರುವೆಂದು ಇಡೀ ಕಥೆ ಹೇಳಿದವಳು ನಾದಿನಿಯನ್ನೂ ಅದೇ ಬಾಗಿಲೊಳಕ್ಕೆ ಕಳಿಸಿ ಸುಮ್ಮನಾದಳು. ಅದು ಸುಣ್ಣದ ಗುಂಡಿಗಿಂತ ಕಠಿಣವೋ, ಆ ಹುಡುಗಿಯ ಮೇಲೂ ಇರುವ ಕರುಣೆಯೋ?

ಹೇಳಿದವರನ್ನು ಗುರುತಿಸುವ ವಿಷಯದಲ್ಲಿ ಜಗತ್ತಿನ ಚರಿತ್ರೆ ಅಷ್ಟೇನೂ ಉದಾರವಲ್ಲ. ಜರ್ಮನಿಯ ಗ್ರಿಮ್ ಸೋದರರ ಹೆಸರು ಎಲ್ಲರಿಗೂ ಗೊತ್ತು. ಅವರಿಗೆ ಅನೇಕ ಕಥೆ ಹೇಳಿದ ದರ್ಜಿಯ ಹೆಂಡತಿ ಡೊರೊತೆಯಾ ಫೀಮನ್ ಎಷ್ಟು ಜನಕ್ಕೆ ಗೊತ್ತು? ಅವಳ ಚಿತ್ರವನ್ನಾದರೂ ಅವರು 1819ರ ಆವೃತ್ತಿಯಲ್ಲಿ ಹಾಕಿದರು, ಅದಕ್ಕೆ ಋಣಿಯಾಗಿರಬೇಕು. ಅದೇ ಆವೃತ್ತಿಯಲ್ಲಿ ಹಿಮಬಿಳಿಯ ಹುಡುಗಿಯನ್ನು ಕೊಲ್ಲಿಸ ಹೊರಟ ಹೆತ್ತ ತಾಯಿ ಮಲತಾಯಿಯಾಗಿ ಬದಲಾದಳು. ಹೇಳಿದವರ ಬಾಯಲ್ಲಿದ್ದ ಕಹಿ ಸಂಪಾದಕರಿಗೆ ಹಿಡಿಸಲಿಲ್ಲ. ನಮ್ಮ ಕಡೆ, ಬೊಂಬಾಯಿ ಗವರ್ನರರ ಮಗಳು ಮೇರಿ ಫ್ರೆರ್ 1868ರಲ್ಲಿ ದಖನ್ನಿನ ಕಥೆಗಳ ಪುಸ್ತಕ ತಂದಾಗ, ಕಥೆ ಹೇಳಿದ ಆಯಾ ಆ್ಯನಾ ಲಿಬರಾಟಾ ಡಿಸೋಜಾಳ ಸ್ವಂತ ಬದುಕಿನ ಕಥೆಯನ್ನೂ ಅವಳ ಮಾತಿನಲ್ಲೇ ಸೇರಿಸಿದಳು. ತನ್ನ ಅಜ್ಜನ ಮನೆತನ ಮೊದಲು ಲಿಂಗಾಯತರದಾಗಿತ್ತು ಎಂದು ಆ್ಯನಾ ಅದರಲ್ಲಿ ಹೇಳಿಕೊಂಡಿದ್ದಾಳೆ. ಹೇಳಿದವಳ ಬದುಕನ್ನೂ ಪುಸ್ತಕಕ್ಕೆ ಸೇರಿಸಿದ್ದು ಆ ಕಾಲಕ್ಕೆ ದೊಡ್ಡ ಕೆಲಸ. ಹಾಗೆಂದು ಕೂಡಿಸಿದವರ ಋಣವೂ ಸಣ್ಣದಲ್ಲ. ಮಂಡ್ಯ ಜಿಲ್ಲೆಯ ನಾಗಮಂಗಲ ಸೀಮೆಯೊಂದೇ ಕನ್ನಡಕ್ಕೆ ಜೀ.ಶಂ. ಪರಮಶಿವಯ್ಯನವರನ್ನೂ ಎಚ್.ಎಲ್. ನಾಗೇಗೌಡರನ್ನೂ ಕೊಟ್ಟಿತು. ಅವರು ಊರೂರು ಅಲೆದು ಹಾಡು, ಕಥೆ ಕೂಡಿಸದಿದ್ದರೆ ನಮಗೆ ಓದಲು ಪಠ್ಯವೇ ಇರುತ್ತಿರಲಿಲ್ಲ.

ಈಗ ನಾನೂ ಪದವಿ ತರಗತಿಗೆ ಜಾನಪದ ಪತ್ರಿಕೆ ಪಾಠ ಮಾಡುತ್ತೇನೆ. ಪ್ರಬಂಧ ಬರೆದು ತನ್ನಿ ಎಂದರೆ ಮಕ್ಕಳು ಫೋನಿನಲ್ಲಿ ಹುಡುಕಿ ತರುವುದು ಒಂದೇ ಪಾಠ, ಎಲ್ಲರದೂ ಒಂದೇ ಮುಕ್ತಾಯ. ಅವರನ್ನು ಬೈದು ಪ್ರಯೋಜನವಿಲ್ಲ. ಒಂದು ವರ್ಷ ಅವರನ್ನೆಲ್ಲ ನಮ್ಮೂರಿಗೆ, ಸೈಯದ್ ಘನಿ ಖಾನರ ತೋಟಕ್ಕೆ ಕರೆದುಕೊಂಡು ಹೋದೆ. ಟಿಪ್ಪುವಿನ ಕಾಲದ್ದೆನ್ನುವ ಆ ಮಾವಿನ ತೋಪಿನಲ್ಲಿ ನೂರಕ್ಕೂ ಹೆಚ್ಚು ಬಗೆಯ ಮಾವು ಇವೆ. ಅವರು ಉಳಿಸಿಕೊಂಡಿರುವ ಭತ್ತದ ತಳಿಗಳು ಸಾವಿರಕ್ಕೂ ಮೇಲು. ಹುಡುಗರು ತೆನೆಗಳನ್ನು ಮುಟ್ಟಿಮುಟ್ಟಿ ನೋಡಿದರು, ಒಂದರ ಮೀಸೆ ಉದ್ದ, ಇನ್ನೊಂದರ ಹೊಟ್ಟು ಕಪ್ಪು. ಬೀಜವನ್ನು ಡಬ್ಬಿಯಲ್ಲಿ ಇಟ್ಟರೆ ಮೊಳಕೆಯ ಶಕ್ತಿ ಹೋಗುತ್ತದೆ, ತಳಿ ಉಳಿಯಬೇಕಾದರೆ ಮತ್ತೆ ಮತ್ತೆ ಬಿತ್ತಲೇಬೇಕು. ಎಲ್ಲವೂ ಭತ್ತವೇ ಅಲ್ಲವೇ ಮೇಡಂ ಎಂದು ಒಬ್ಬ ಕೇಳಿದ. ಅವನ ಪಕ್ಕದಲ್ಲಿದ್ದ ಹುಡುಗಿ ನನಗಿಂತ ಮೊದಲೇ, ಹಂಗಾದ್ರೆ ಎಲ್ಲವೂ 510 ಅಲ್ವೇನೋ ಎಂದಳು. ನನಗೆ ಅವತ್ತು ಬೇರೆ ಪಾಠ ಹೇಳಬೇಕಾಗಿ ಬರಲಿಲ್ಲ.

ಅಂದಿನಿಂದ ನನ್ನ ಪ್ರಬಂಧದ ಪ್ರಶ್ನೆ ಬದಲಾಗಿದೆ. ಕಥೆಯನ್ನು ಯಾರು ಹೇಳಿದರು, ಏನು ಕೆಲಸ ಮಾಡುತ್ತಾ ಹೇಳಿದರು, ಕೇಳುತ್ತಿದ್ದವರು ಯಾರು, ಪುಸ್ತಕದ ಪಾಠಕ್ಕಿಂತ ಎಲ್ಲಿ ಬೇರೆಯಾಯಿತು, ಇಷ್ಟನ್ನು ಬರೆದ ಮೇಲೆಯೇ ವರ್ಗ, ಆಶಯ, ಪ್ರಾಪ್. ಬರಹ ಒರಟಾಗಿರುತ್ತದೆ, ಕಾಗುಣಿತವೂ ತಪ್ಪುತ್ತದೆ. ಆದರೆ ಒಂದರ ಹಾಗೆ ಇನ್ನೊಂದಿಲ್ಲ. ಊರಿನ ಸಾಬರ ಬೀದಿಯ ಹುಡುಗಿಯೊಬ್ಬಳು ನಾನಿಯ ಉರ್ದು ಕಥೆಯನ್ನು ಕನ್ನಡದಲ್ಲಿ ಬರೆದು ತಂದಳು. ಬನ್ನೂರು ಕಡೆಯ ಹುಡುಗ ತನ್ನ ಅವ್ವನಿಗೆ ಕಥೆ ಬರುತ್ತದೆಂದೇ ಇಷ್ಟು ದಿನ ಗೊತ್ತಿರಲಿಲ್ಲ ಎಂದು ಮೊದಲ ಸಾಲು ಬರೆದಿದ್ದ.

ಈ ಸಲ ತರಗತಿಯಲ್ಲಿ ನಾದಿನಿಯ ವಿಚಾರ ಬಂತು. ಎರಡು ಪಾಠವನ್ನೂ ಓದಿಸಿದೆ. ಹುಡುಗರಲ್ಲಿ ಹೆಚ್ಚಿನವರು ಸುಣ್ಣದ ಗುಂಡಿಯೇ ಸರಿ ಎಂದರು, ತಪ್ಪಿಗೆ ಶಿಕ್ಷೆ ಆಗಲೇಬೇಕಲ್ಲ. ಹುಡುಗಿಯರು ಒಪ್ಪಲಿಲ್ಲ. ಹಿಂದಿನ ಬೆಂಚಿನಲ್ಲಿ ಕೂರುವವಳು, ಮುಂದಿನ ತಿಂಗಳು ಮದುವೆ ಗೊತ್ತಾಗಿರುವವಳು, ಎದ್ದು ನಿಂತು ಕೇಳಿದಳು: “ಕೊಟ್ಟ ಮನೆಗೆ ಹೋದಮೇಲೆ ಆ ನಾದಿನೀನೂ ಗಿಡ ಆಗ್ಬೇಕಾಯ್ತಾ ಮೇಡಂ? ದೊಡ್ಡವ್ವ ಅದನ್ನ ಹೇಳಿಲ್ವಾ?” ಹೇಳಿಲ್ಲ ಎಂದೆ. ಹಾಗಾದರೆ ತಾನೇ ಅತ್ತೆಯಾದವಳನ್ನು ಕೇಳಿ ಬರೆದು ತರುತ್ತೇನೆ, ಮದುವೆಯ ನಂತರ ಪರೀಕ್ಷೆಗೆ ಬರುವಾಗ ಕೊಡುತ್ತೇನೆ ಎಂದಳು. ಅವಳ ಪ್ರಬಂಧಕ್ಕೆ ಗಡುವು ಮುಂದಕ್ಕೆ ಹಾಕಿದ್ದೇನೆ.