ಸದ್ದು ಮಾಡದ ಕ್ಯಾಬಿನೆಟ್

ಗುಬ್ಬಿಯಲ್ಲಿ ಮಾಮು ನಡೆಸುತ್ತಿದ್ದ ಸೈಬರ್ ಸೆಂಟರ್ ಮುಚ್ಚಿದಾಗ ಒಂದು ಹಳೆಯ ಕಂಪ್ಯೂಟರ್ ನನ್ನ ಪಾಲಿಗೆ ಬಂತು. ತುಮಕೂರಿನ ನಮ್ಮ ಮನೆಯಲ್ಲಿ ಅದನ್ನಿಡಲು ಜಾಗವಿದ್ದದ್ದು ದಾದಿ ಮಲಗುವ ಕೋಣೆಯಲ್ಲಿ ಮಾತ್ರ. ರಾತ್ರಿ ಟ್ಯಾಲಿ ಅಭ್ಯಾಸಕ್ಕೆ ಕುಳಿತರೆ ಅದು ಹಿಟ್ಟಿನ ಮಿಲ್ಲಿನಂತೆ ಗುರ್ರೆನ್ನುತ್ತಿತ್ತು. ತಹಜ್ಜುದ್ ನಮಾಜಿಗೆ ಏಳುವ ದಾದಿ ಬೈಯಲಿಲ್ಲ, ಸುಮ್ಮನೆ ಮಗ್ಗುಲು ಬದಲಿಸುತ್ತಿದ್ದರು. ನಾನೇ ಅಭ್ಯಾಸ ಬಿಟ್ಟೆ.

ಇದು ತಿಳಿದು ಅಬ್ಬಾ ಹೊಸ ಕ್ಯಾಬಿನೆಟ್‌ಗೆ 3,000 ರೂಪಾಯಿ ಕೊಟ್ಟರು. ಮಾಮು ಜೊತೆ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಎಸ್.ಪಿ. ರಸ್ತೆ ಸುತ್ತಿದೆ. ಎಲ್ಲಿ ನೋಡಿದರೂ ಗಾಜಿನ ಬಾಗಿಲು, ಬಣ್ಣದ ದೀಪ. ಸುಳ್ಳೇಕೆ ಹೇಳಲಿ, ನನ್ನ ಮನಸ್ಸೂ ಅತ್ತಲೇ ಇತ್ತು. ಮಾಮು ಮಾತ್ರ ಪಕ್ಕದ ತಗಡನ್ನು ಬೆರಳಿನಿಂದ ಬಡಿದು ನೋಡುತ್ತಿದ್ದರು. ತೆಳು ತಗಡಾದರೆ ಫ್ಯಾನ್, ಹಾರ್ಡ್ ಡಿಸ್ಕ್‌ಗಳ ನಡುಕಕ್ಕೆ ತಾನೂ ಅದುರಿ ಸದ್ದು ಮಾಡುತ್ತದಂತೆ. ನಮ್ಮ ಹಳೆಯದರಲ್ಲಿದ್ದದ್ದು 80 ಮಿ.ಮೀ. ಫ್ಯಾನ್. 120 ಮಿ.ಮೀ. ಫ್ಯಾನ್ ನಿಧಾನವಾಗಿ ತಿರುಗಿಯೂ ಅಷ್ಟೇ ಗಾಳಿ ತಳ್ಳುತ್ತದೆ, ಅದಕ್ಕೇ ಸದ್ದು ಕಡಿಮೆ. ಕೊನೆಗೆ ದಪ್ಪ ತಗಡಿನ, ಮುಂದೆ ಜಾಲರಿ ಇರುವ, ತೊಳೆಯಬಹುದಾದ ಧೂಳಿನ ಫಿಲ್ಟರ್ ಇರುವ ಕಪ್ಪು ಕ್ಯಾಬಿನೆಟ್ 2,650ಕ್ಕೆ ಸಿಕ್ಕಿತು. ದೀಪ ಇಲ್ಲ.

ಜೋಡಿಸುವಾಗ ಪ್ರೊಸೆಸರ್ ಫ್ಯಾನಿನಿಂದ ಒಂದು ಹಿಡಿ ಧೂಳು ಬಂತು. ಅರ್ಧ ಗಲಾಟೆ ಅದರದ್ದೇ ಇದ್ದಿರಬೇಕು!

ಅಂದು ರಾತ್ರಿ ಹನ್ನೊಂದಕ್ಕೆ ದಾದಿ ತಲೆ ಎತ್ತಿ, “ಬಂದ್ ಕರ್ ದಿಯಾ ಕ್ಯಾ ಬೇಟಾ?” ಎಂದರು. ಇಲ್ಲ ದಾದಿ, ಚಾಲೂ ಇದೆ ಎಂದೆ. ನಂಬದೆ ಕೈ ಚಾಚಿ ಕ್ಯಾಬಿನೆಟ್ ಮುಟ್ಟಿ ನೋಡಿದರು.