ಕಾಟಕಾಯಿ ಎಂಬ ಹೆಸರು

1834ರಲ್ಲಿ ಕುಂಪಣಿ ಸರಕಾರದವರು ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಕೊಡಗನ್ನು ವಶಪಡಿಸಿಕೊಂಡರಷ್ಟೆ. ಕೊಡಗಿಗೆ ಸೇರಿದ್ದ ಅಮರಸುಳ್ಯ, ಪುತ್ತೂರು ಸೀಮೆಗಳು ಆಮೇಲೆ ಕೆನರಾ ಜಿಲ್ಲೆಯ ಪಾಲಾದುವು. ಅರಸರ ಕಾಲದಲ್ಲಿ ಧಾನ್ಯರೂಪವಾಗಿ ಸಲ್ಲುತ್ತಿದ್ದ ಕಂದಾಯವನ್ನು ನಾಣ್ಯರೂಪವಾಗಿಯೇ ತೆರತಕ್ಕದ್ದೆಂದಾಯಿತು. ಕಣಜದಲ್ಲಿ ಭತ್ತವಿದ್ದು ಕೈಯಲ್ಲಿ ಕಾಸಿಲ್ಲದ ಒಕ್ಕಲುಮಕ್ಕಳಿಗೆ ಇದು ಸಾಮಾನ್ಯ ಸಂಕಟವೆ?

ಆ ಸಂಕಟಕ್ಕೆ ದನಿಯಾಗಿ ನಿಂತವರು ಕೆದಂಬಾಡಿ ರಾಮಯ್ಯಗೌಡರು. ಸಂಬಳದ ಸಿಪಾಯಿಗಳು ಅವರಲ್ಲಿರಲಿಲ್ಲ. ನೇಗಿಲನ್ನು ಬಿಟ್ಟು ಬಂದ ರೈತರೇ ಅವರ ಪದಾತಿ. ಹಾಲೇರಿ ವಂಶದವನೆನಿಸಿದ ಕಲ್ಯಾಣಸ್ವಾಮಿಯನ್ನು ಮುಂದಿಟ್ಟುಕೊಂಡು ಈ ದಂಡು 1837ರಲ್ಲಿ ಬೆಳ್ಳಾರೆಯ ಖಜಾನೆಯನ್ನು ಹಿಡಿಯಿತು. ಪುತ್ತೂರು, ಬಂಟ್ವಾಳಗಳನ್ನು ಹಾದು ಏಪ್ರಿಲ್ 5ರಂದು ಮಂಗಳೂರನ್ನು ಹೊಕ್ಕಿತು. ಹದಿಮೂರು ದಿನ ನಗರವು ರೈತರದಾಗಿತ್ತು! ಅಷ್ಟರಲ್ಲಿ ಕಣ್ಣಾನೂರಿನಿಂದ ಕಡಲಮಾರ್ಗವಾಗಿ ಕುಂಪಣಿಯ ಸೈನ್ಯವು ಬಂದಿಳಿಯಿತು. ಮುಂದಿನದು ಗಲ್ಲಿನ ಕತೆ. ಸಹನಾಯಕರಾದ ಗುಡ್ಡೆಮನೆ ಅಪ್ಪಯ್ಯಗೌಡರನ್ನು ಅದೇ ವರ್ಷ ಅಕ್ಟೋಬರ್ 31ರಂದು ಮಡಿಕೇರಿಯ ಕೋಟೆಯಲ್ಲಿ ನೇಣಿಗೇರಿಸಿದರು. ಕಲ್ಯಾಣಸ್ವಾಮಿಯನ್ನು ಮಂಗಳೂರಿನ ಬಿಕರ್ನಕಟ್ಟೆಯಲ್ಲಿ.

ಇಷ್ಟಾದ ಈ ಸಮರಕ್ಕೆ ಜನರ ಬಾಯಲ್ಲಿ ಉಳಿದ ಹೆಸರು 'ಕಲ್ಯಾಣಪ್ಪನ ಕಾಟಕಾಯಿ'. ಕಾಟಕಾಯಿಯೆಂದರೆ ಸುಲಿಗೆ. ಶಬ್ದಾರ್ಥವನ್ನು ವಿಚಾರಿಸದೆ ಸೋತವರ ಮೊಮ್ಮಕ್ಕಳೇ ಅದನ್ನಾಡುತ್ತ ಬಂದರಲ್ಲಾ, ರಣದ ಸೋಲಿಗಿಂತಲೂ ಇದು ಕಡುಕಷ್ಟ. ಖಜಾನೆಗೆ ಕೈಯಿಕ್ಕಿದುದು ಸುಲಿಗೆಯಾದರೆ, ಆ ಖಜಾನೆಯನ್ನು ತುಂಬಿಸಿದ ಕ್ರಮವನ್ನು ಏನೆಂದು ಕರೆಯಬೇಕೆಂಬುದನ್ನು ವಾಚಕರೇ ನಿಶ್ಚಯಿಸಲಿ.

2022ರ ನವೆಂಬರಿನಲ್ಲಿ ಮಂಗಳೂರಿನ ಬಾವುಟಗುಡ್ಡೆಯ ಮೇಲೆ ರಾಮಯ್ಯಗೌಡರ ಕಂಚಿನ ಪ್ರತಿಮೆಯು ಸ್ಥಾಪಿತವಾಯಿತು. ಅವರ ಹಿಂದೆ ಬೆಳ್ಳಾರೆಯಿಂದ ನಡೆದುಬಂದವರಲ್ಲಿ ಹೆಸರುಳಿದವರು ಕೆಲವರೇ.